ಒಂದು ಇಂಚಿಗೆ ಇಪ್ಪತ್ತು ಸರಪಳಿ

ಮಸಿಯ ವಾಸನೆಯಲ್ಲ ಇದು, ಬಿಸಿಯಾದ ಪ್ಲಾಸ್ಟಿಕ್ಕಿನದು, ಮುದ್ರಣ ಯಂತ್ರದ ಎಡಮಗ್ಗುಲಿನ ಮುಚ್ಚಳದ ಸಂದಿಯಿಂದ ಬರುತ್ತಿದೆ, ದಿನಾ ಮೂರರ ಸುಮಾರಿಗೆ ಬರುತ್ತದೆ, ಅಷ್ಟೊತ್ತಿಗೆ ನಲವತ್ತು ಹಾಳೆ ಉಗುಳಿ ದಣಿದಿರುತ್ತದೆ ಅದು, ಇವತ್ತು ಒಂದೂ ಉಗುಳಿಲ್ಲ, ಆದರೂ ವಾಸನೆ ಬಂದಿದೆ, ಮೂರಾಯಿತು ಅಂತ ಅದಕ್ಕೂ ಗೊತ್ತಾಗುತ್ತದೇನೋ— ಗಡಿಯಾರದಲ್ಲಿ ಮೂರಾಗಿ ಐದು ನಿಮಿಷ, ಈ ಗಡಿಯಾರ ಐದು ನಿಮಿಷ ಮುಂದಿದೆ, ಹಾಗಾದರೆ ಸರಿಯಾಗಿ ಮೂರು, ನೇಸರಗಿ ಬಸ್ಸು ನಾಲ್ಕೂವರೆಗೆ, ಸ್ಟ್ಯಾಂಡಿಗೆ ನಡೆದು ಹೋಗಲು ಮುದುಕಿಗೆ ಇಪ್ಪತ್ತು ನಿಮಿಷ ಬೇಕು, ಅಂದರೆ ಉಳಿದಿರುವುದು ಒಂದು ತಾಸು ಹತ್ತು ನಿಮಿಷ, ಅಷ್ಟರೊಳಗೆ ಒಂದು ಹಾಳೆ, ಒಂದೇ ಒಂದು, ಎಂದು ಶೀತಲ ಲೆಕ್ಕ ಹಾಕಿದಳು, ಹಾಕಿ ಮತ್ತೊಮ್ಮೆ ಹಾಕಿದಳು, ತನ್ನ ಲೆಕ್ಕದ ಮೇಲೆ ಇವತ್ತು ಅವಳಿಗೆ ನಂಬಿಕೆಯಿಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ಶಟ್ಟೆವ್ವ ಕುಳಿತಿದ್ದಾಳೆ, ಕಾಲು ಮೇಲೆ ಮಡಚಿಕೊಂಡು, ಚಪ್ಪಲಿಯನ್ನು ಬೆಂಚಿನ ಕೆಳಗೆ ಜೋಡಿಸಿಟ್ಟು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಎರಡು ನಕಾಶೆ, ಒಂದು ಹಳೆಯದು, ಒಂದು ಮೊನ್ನೆಯದು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅವಳ ಹೊಲದ ಗಡಿಗೆ ಸರ್ವೇದವರು ಕಲ್ಲು ನೆಡುತ್ತಾರೆ. ಮೊನ್ನೆಯ ನಕಾಶೆ ನೋಡಿ ನೆಟ್ಟರೆ ಅವಳ ಬಾವಿ ಪಕ್ಕದವನ ಹೊಲಕ್ಕೆ ಸೇರಿಹೋಗುತ್ತದೆ. ಆ ನಕಾಶೆಯನ್ನು ಮುದ್ರಿಸಿದವಳು ಶೀತಲ. ಇಷ್ಟೇ ವಿಷಯ, ಬೆಳಗಿನಿಂದ ತಿರುಗಿಸಿ ಮುರುಗಿಸಿ ನೋಡಿದ್ದಾಳೆ, ಇದಕ್ಕಿಂತ ದೊಡ್ಡದೂ ಆಗಲಿಲ್ಲ, ಚಿಕ್ಕದೂ ಆಗಲಿಲ್ಲ.

ಕಚೇರಿಯ ಬೋರ್ಡಿನ ಮೇಲೆ ಎರಡು ಸಾಲಿನ ಹೆಸರಿದೆ, ನಕಾಶೆ ಮುದ್ರಣ, ಲೆಕ್ಕಪತ್ರ, ಶಾಖೆ, ಇನ್ನೇನೇನೋ, ಬೈಲಹೊಂಗಲದ ಜನ ನಕಾಶಿ ಆಫೀಸು ಅನ್ನುತ್ತಾರೆ, ರಿಕ್ಷಾದವನಿಗೆ ಅಷ್ಟು ಹೇಳಿದರೆ ಸಾಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕು ತಾಲೂಕಿನ ಹಳ್ಳಿಗಳ ನಕಾಶೆ ಇಲ್ಲಿಂದಲೇ ಹೋಗಬೇಕು, ಮಂಜೂರಾದ ಹುದ್ದೆ ಒಂಬತ್ತು, ಇರುವವರು ನಾಲ್ವರು— ಅಧೀಕ್ಷಕರು ಅಂದಾನೆಪ್ಪ ಸಾಹೇಬರು, ಲೆಕ್ಕಕ್ಕೆ ಮತ್ತು ದಾಸ್ತಾನಿಗೆ ಪದ್ಮವ್ವ, ಯಂತ್ರಕ್ಕೆ ನಜೀರಸಾಬ, ನಕಾಶೆ ಬಿಡಿಸಿ ತಿದ್ದಿ ಯಂತ್ರಕ್ಕೆ ಕಳಿಸಲು ಶೀತಲ, ಕೆಲಸಕ್ಕೆ ಸೇರಿ ಒಂದು ವರ್ಷ ಹತ್ತು ತಿಂಗಳಾದವಳು, ಕಾಯಂ ಆಗಲು ಇನ್ನೆರಡು ತಿಂಗಳು. ಉಳಿದ ಐದು ಕುರ್ಚಿಗಳ ಮೇಲೆ ಕಡತ ಕುಳಿತಿವೆ. ಮಾರ್ಚ್ ತಿಂಗಳು ಅಂದರೆ ಇಲ್ಲಿ ಊಟದ ಡಬ್ಬಿ ಹಾಗೇ ಮನೆಗೆ ಹೋಗುವ ತಿಂಗಳು, ಒಂದು ಕೈಯಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ, ಇನ್ನೊಂದು ಕೈಯಲ್ಲಿ ತಿಂಗಳ ಲೆಕ್ಕದ ತಖ್ತೆ, ಅದರ ಮೇಲೆ ಮೇಲಿನವರ ಪತ್ರ, ನೂರಹದಿನೆಂಟು ಹಳ್ಳಿಗಳ ನಕಾಶೆ ಶನಿವಾರದೊಳಗೆ ಮುಟ್ಟಬೇಕು. ಆ ವಾರವೇ ಹೊಸ ಕಾಗದದ ರೋಲು ಬಂತು, ಎಂದಿನ ಮೂವತ್ತಾರು ಇಂಚಿನದಲ್ಲ, ಮೂವತ್ತೈದರದು, ಬರಿಗಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಮೊದಲ ಹಾಳೆ ತೆಗೆದಾಗ ಬಲಗಡೆಯ ಅಂಚು ಕತ್ತರಿಸಿಹೋಯಿತು, ಒಂದು ಕೆರೆಯ ಅರ್ಧ ಇಲ್ಲ, ಗಂಟೆ ಐದೂಮುಕ್ಕಾಲು, ಅವಳು ಕಂಪ್ಯೂಟರಿನಲ್ಲಿ ಕಾಗದದ ಅಗಲಕ್ಕೆ ಹೊಂದಿಸು ಎನ್ನುವ ಚೌಕದೊಳಗೆ ಟಿಕ್ ಹಾಕಿದಳು. ಕೆರೆ ಪೂರ್ತಿ ಬಂತು. ಎಲ್ಲವೂ ಪೂರ್ತಿ ಬಂತು, ಊರು, ಹಳ್ಳ, ಗುಡಿ, ಗಾಡಿದಾರಿ, ಕೆಳಗೆ ಎಂದಿನ ಸಾಲು, ಒಂದು ಇಂಚಿಗೆ ಇಪ್ಪತ್ತು ಸರಪಳಿ, ಸರಪಳಿ ಅಂದರೆ ಮೂವತ್ಮೂರು ಅಡಿ, ಬ್ರಿಟಿಷರ ಕಾಲದಿಂದ ಹೀಗೇ. ಚಂದ ಬಂತು ಅಂದುಕೊಂಡಳು. ಚಂದ ಅಂದುಕೊಂಡದ್ದು ಈಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವ ಸಂಗತಿ, ಯಾಕೆಂದರೆ ಯಂತ್ರ ಹೊಂದಿಸಿದ್ದು ಅಂದರೆ ಕುಗ್ಗಿಸಿದ್ದು, ಹಳ್ಳಿಗೆ ಹಳ್ಳಿಯನ್ನೇ ಕುಗ್ಗಿಸಿದ್ದು, ಕೆಳಗಿನ ಸಾಲು ಮಾತ್ರ ಮೊದಲಿನ ಹಾಗೇ ಸುಳ್ಳು ಹೇಳುತ್ತ ನಿಂತಿತ್ತು. ನೂರಹದಿನೆಂಟು ಸಲ.

ಕೆಲಸ ಹೆಚ್ಚಾಗಿತ್ತು ಅನ್ನಬಹುದು. ಹೆಚ್ಚಾಗಿದ್ದದ್ದು ನಿಜ. ಆದರೆ ಕೆಲಸ ಹೆಚ್ಚಾಗಿದ್ದದ್ದು ಶಟ್ಟೆವ್ವನ ಬಾವಿಗೇನು ಗೊತ್ತು, ಅದು ಅವಳ ಮಾವ ತೋಡಿಸಿದ ಬಾವಿ, ಗಡಿಯಿಂದ ಅರವತ್ತು ಅಡಿ ಒಳಗೆ ತನ್ನ ಪಾಡಿಗೆ ತಾನಿದೆ.

ಬೆಳಿಗ್ಗೆ ಹತ್ತೂವರೆಗೆ ಬಂದಳು ಶಟ್ಟೆವ್ವ, ಎರಡು ಬಸ್ಸು ಬದಲಿಸಿ, ಬಾಗಿಲಲ್ಲೇ ನಿಂತು, ನಕಾಶಿ ಮಾಡೋರು ಯಾರದೀರಿ ಇಲ್ಲಿ, ಅಂತ. ನಾನ ರೀ ಅಜ್ಜಿ, ಯಾಕ ಅಂದಳು ಶೀತಲ, ಕಂಪ್ಯೂಟರಿನಿಂದ ಕಣ್ಣು ಎತ್ತದೆ, ಎತ್ತಬೇಕಿತ್ತು, ಎಪ್ಪತ್ತರ ಹೆಂಗಸು ಹತ್ತೂವರೆಗೆ ಇಲ್ಲಿರಬೇಕಾದರೆ ಮನೆಯನ್ನು ಎಷ್ಟೊತ್ತಿಗೆ ಬಿಟ್ಟಿರಬೇಕು. ನಮ್ಮ ಬಾಂವಿ ಎಲ್ಲೋ ಹೊಂಟೈತಿ ತಂಗಿ, ಅಂದಳು ಶಟ್ಟೆವ್ವ, ಅದಕ್ಕೇನು ಕಾಲ ಬಂದಾವನು ಅಂತ ಕೇಳಿ ಹೋಗೂಣಂತ ಬಂದೆ. ನಜೀರಸಾಬ ನಕ್ಕ. ಅಂದಾನೆಪ್ಪ ಸಾಹೇಬರು ಕನ್ನಡಕ ಹಣೆಗೇರಿಸಿದರು. ಮುದುಕಿ ಚೀಲದಿಂದ ಎರಡು ಹಾಳೆ ತೆಗೆದಳು, ಹಳೆಯದು ನೀಲಿ, ಮಡಿಕೆಗಳಲ್ಲಿ ಹರಿದು ಹಿಂದಿನಿಂದ ಸೀರೆಯ ತುಂಡು ಅಂಟಿಸಿದ್ದು, ಹೊಸದು ಬಿಳಿ, ಯಾರನ್ನೂ ಕೇಳದೆ ಸೀದಾ ಕಿಟಕಿಗೆ ನಡೆದಳು, ನೀಲಿಯ ಮೇಲೆ ಬಿಳಿಯನ್ನಿಟ್ಟು ಗಾಜಿಗೆ ಒತ್ತಿದಳು, ಮೂರು ಊರಿನ ಗಡಿ ಕೂಡುವ ಕಲ್ಲಿನ ಗುರುತಿನ ಮೇಲೆ ಗುರುತನ್ನು ಕೂರಿಸಿ, ಬಾ ಇಲ್ಲೆ, ನೋಡು. ಹೊರಗಿನ ಬಿಸಿಲು ಎರಡೂ ಹಾಳೆಯನ್ನು ದಾಟಿ ಬಂತು. ಕಲ್ಲು ಒಂದೇ ಇತ್ತು. ಅಲ್ಲಿಂದ ಐದಿಂಚು ಈಚೆಗೆ ಬಾವಿಯ ಗುರುತು, ಸಣ್ಣ ಉಂಗುರ, ಅದು ಮಾತ್ರ ಎರಡಿತ್ತು. ಎರಡು ಬಾವಿ, ಪಕ್ಕಪಕ್ಕ, ನಡುವೆ ಒಂದು ಜೋಳದ ಕಾಳಿನಷ್ಟು ಜಾಗ. ನಕಾಶೆಯ ಮೇಲೆ ಜೋಳದ ಕಾಳು, ಹೊಲದ ಮೇಲೆ ಹತ್ತಿರ ಹತ್ತಿರ ಮೂರು ಸರಪಳಿ, ತೊಂಬತ್ತು ಅಡಿ, ಬಾವಿ ಇದ್ದಲ್ಲೇ ಇರುತ್ತದೆ, ಗಡಿಯೇ ತೊಂಬತ್ತು ಅಡಿ ಈಚೆಗೆ ಬಂದು ಬಾವಿಯನ್ನು ಆಚೆಗೆ ಬಿಡುತ್ತದೆ— ಇದನ್ನು ಶೀತಲ ಆ ಕ್ಷಣದಲ್ಲೇ ಲೆಕ್ಕ ಹಾಕಿಬಿಟ್ಟಳು, ಮನಸ್ಸು ಬೇಡವೆಂದರೂ ತಲೆ ಹಾಕಿಬಿಟ್ಟಿತು, ಐದೂಮುಕ್ಕಾಲು ಗಂಟೆ, ಅರ್ಧ ಕೆರೆ, ಟಿಕ್.

ಅಂದಾನೆಪ್ಪ ಸಾಹೇಬರು ಎದ್ದು ಬಂದು ನೋಡಿದರು, ಹಳೇ ಕಾಗದ ಐತಿ ಅಜ್ಜಿ, ಮಳಿಗಾಲದಾಗ ಉಬ್ಬತೈತಿ, ಉಬ್ಬಿದ್ದು ಮತ್ತ ಮೊದಲಿನಂಗ ಕುಗ್ಗಂಗಿಲ್ಲ, ಹೊಸಾದ ಖರೇ, ನೀ ಆರಾಮ ಹೋಗು. ಅವರು ಸುಳ್ಳು ಹೇಳಲಿಲ್ಲ, ಹಳೆಯ ಕಾಗದ ಉಬ್ಬುವುದು ನಿಜ, ಮೂವತ್ತು ವರ್ಷದಿಂದ ಬಂದವರಿಗೆಲ್ಲ ಅದನ್ನೇ ಹೇಳಿದ್ದಾರೆ, ಬಂದವರೆಲ್ಲ ಹೋಗಿದ್ದಾರೆ. ಶಟ್ಟೆವ್ವ ಸಾಹೇಬರ ಮುಖ ನೋಡಿದಳು, ಆಮೇಲೆ ಶೀತಲಳ ಮುಖ ನೋಡಿದಳು, ಹೌದನು ತಂಗಿ ಅಂತ ಕೇಳಲಿಲ್ಲ, ಕೇಳಿದ್ದರೆ ಸಲೀಸಾಗುತ್ತಿತ್ತು, ಸುಮ್ಮನೆ ಹಾಳೆ ಮಡಚಿದಳು, ಚಪ್ಪಲಿ ಮೆಟ್ಟಿದಳು, ಹೊರಟಳು. ಬಾಗಿಲಿನಿಂದ ಗೇಟಿಗೆ ನಲವತ್ತು ಹೆಜ್ಜೆ. ಆ ಹೆಜ್ಜೆಗಳನ್ನು ಲೆಕ್ಕ ಹಾಕುತ್ತ ಶೀತಲ ಸುಮ್ಮನಿದ್ದಳು. ಇದನ್ನು ಮುಂದೆ ಯಾರಿಗೂ ಹೇಳುವುದಿಲ್ಲ ಅವಳು, ಆದರೆ ತನಗೆ ತಾನು ಹೇಳಿಕೊಳ್ಳಲೇಬೇಕು, ಸುಮ್ಮನಿದ್ದಳು, ಎರಡು ತಿಂಗಳು ಎಂದು ಎಣಿಸುತ್ತಿದ್ದಳು, ಎರಡು ತಿಂಗಳು ಕಳೆದರೆ ಕಾಯಂ, ಕಾಯಂ ಆದಮೇಲೆ ಬೇಕಾದರೆ ಹೇಳಬಹುದು, ಕಾಗದ ಉಬ್ಬುವುದಂತೂ ನಿಜ, ಸಾಹೇಬರೇ ಹೇಳಿದ್ದಾರೆ, ಹದಿನಾರು, ಹದಿನೇಳು, ಮುದುಕಿಯ ಎಡಗಾಲು ಸ್ವಲ್ಪ ಎಳೆಯುತ್ತದೆ, ಇಪ್ಪತ್ತೆರಡು. ಆಗ ಮೇಜಿನ ಮೇಲೆ ಟಕ್ ಅಂತ ಸದ್ದಾಯಿತು. ನಜೀರಸಾಬ ತನ್ನ ಹಿತ್ತಾಳೆ ಪಟ್ಟಿಯನ್ನು ತಂದು ಇಟ್ಟಿದ್ದ. ಒಂದು ಅಡಿಯ ಪಟ್ಟಿ, ಇಂಚಿನ ಗೀರುಗಳು ಸವೆದು ಮಿರುಗುವಂಥದ್ದು, ಪ್ರತಿ ಹೊಸ ರೋಲಿನ ಮೊದಲ ಹಾಳೆಗೆ ಅವನು ಅದನ್ನು ಹಿಡಿದು ನೋಡುತ್ತಾನೆ, ಕಾಕಾ, ಕಂಪ್ಯೂಟರ್ ತಪ್ಪು ಮಾಡಂಗಿಲ್ಲ, ಇದ್ಯಾಕ ಅಂತ ಶೀತಲ ಎಷ್ಟು ಸಲ ನಕ್ಕಿದ್ದಾಳೆ, ಇರಲಿ ಬಿಡ್ರಿ ಬಾಯೋರ, ನನ್ನ ಚಟಾ, ಅಂತ ಎಷ್ಟು ಸಲ ಅವನೂ ನಕ್ಕಿದ್ದಾನೆ. ಮೂವತ್ತೈದು ಇಂಚಿನ ರೋಲು ಬಂದ ವಾರ ಅವನು ರಜೆಯಲ್ಲಿದ್ದ, ಮಗಳು ಫಿರದೋಸಳ ಹೆರಿಗೆಗೆ ಸವದತ್ತಿಗೆ ಹೋಗಿದ್ದ, ಪಟ್ಟಿ ಅವನ ಕಪಾಟಿನೊಳಗೆ ಇತ್ತು, ಕೀಲಿ ಅವನ ಉಡದಾರದಲ್ಲಿ. ಈಗ ಅವನು ಆ ನಕಾಶೆಯ ಕಚೇರಿಯಲ್ಲಿ ಉಳಿದ ಪ್ರತಿಯನ್ನು ಬಿಡಿಸಿ, ಕೆಳಗಿನ ಅಳತೆಯ ಗೆರೆಯ ಮೇಲೆ ಪಟ್ಟಿಯನ್ನಿಟ್ಟ, ನೂರು ಸರಪಳಿಯ ಗೆರೆ, ಐದಿಂಚು ಇರಬೇಕಾದದ್ದು, ಐದಕ್ಕೆ ಮುಟ್ಟಲಿಲ್ಲ, ಒಂದು ನೂಲು, ಇಂಚಿನ ಎಂಟನೇ ಒಂದು ಪಾಲಿನಷ್ಟು, ಈಚೆಗೇ ನಿಂತಿತು. ಅಲ್ಲಿ ಹೆಬ್ಬೆರಳನ್ನಿಟ್ಟ. ಅವಳ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದ, ಬೆರಳು ಮಾತ್ರ ಅಲ್ಲಿ. ಅವನು ಬಾಯಿಬಿಟ್ಟು ಹೇಳಬಹುದಿತ್ತು, ಸಾಹೇಬರಿಗೆ ಕೇಳುವಂತೆ, ಹೇಳಿದ್ದರೆ ಅದು ಅವನು ಹಿಡಿದ ತಪ್ಪಾಗುತ್ತಿತ್ತು, ಅವಳು ಹೇಳಿದ ತಪ್ಪಾಗುತ್ತಿರಲಿಲ್ಲ— ಅಷ್ಟು ಜಾಗ ಬಿಟ್ಟ ಮನುಷ್ಯ. ಮೂವತ್ತು, ಮೂವತ್ತೊಂದು. ಅವಳು ಓಡಿದಳು.

ಉಪಕಾರ ಎನ್ನುವ ಮಾತು ಶೀತಲಳಿಗೆ ಸೇರುವುದಿಲ್ಲ. ಸವದತ್ತಿಯ ಹಾಸ್ಟೆಲಿನಲ್ಲಿ ವರ್ಷಕ್ಕೊಮ್ಮೆ ಚಾದರ ಹಂಚುವವರು ಬರುತ್ತಿದ್ದರು, ಹುಡುಗಿಯರನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಒಟ್ಟಿಗೆ ಹೇಳಿಸುತ್ತಿದ್ದರು, ಫೋಟೋ ಸರಿ ಬರದಿದ್ದರೆ ಎರಡನೇ ಸಲ ಹೇಳಿಸುತ್ತಿದ್ದರು, ಆ ಚಾದರ ಮೊದಲ ಒಗೆತಕ್ಕೇ ಮೊಣಕಾಲವರೆಗೆ ಬಂದುಬಿಡುತ್ತಿತ್ತು. ಮನೋಳಿಯ ಮನೆಯಲ್ಲಿ ಅವ್ವ ಹೇಳಿದ್ದು, ಹಂಗ ಅನಬ್ಯಾಡ, ಕೊಟ್ಟಾರಲ್ಲ, ಅಂತ. ಕೊಟ್ಟದ್ದು ಕುಗ್ಗಿತ್ತಲ್ಲ ಅವ್ವಾ, ಅಂದಿದ್ದಳು ಇವಳು, ಹನ್ನೆರಡರ ವಯಸ್ಸಿಗೆ ಅಷ್ಟು ಬಾಯಿ. ಈಗ ನೋಡಿದರೆ ತಾನೂ ಕುಗ್ಗಿದ್ದನ್ನೇ ಕೊಟ್ಟಿದ್ದಾಳೆ ನೂರಹದಿನೆಂಟು ಊರಿಗೆ. ಹಾಸ್ಟೆಲಿನ ಲೈಬ್ರರಿ ಅಂದರೆ ಒಂದು ಕಬ್ಬಿಣದ ಕಪಾಟು, ವಾರ್ಡನ್ ಊಟಕ್ಕೆ ಹೋದಾಗ ತೆರೆದೇ ಇರುತ್ತಿತ್ತು, ಅದರೊಳಗಿನ ಕೆಲವು ಪುಸ್ತಕಗಳ ಕೊನೆಗೆ ಒಂದು ಸಣ್ಣ ಚೀಟಿ ಅಂಟಿಸಿರುತ್ತಿದ್ದರು, ಇಂಥ ಪುಟದ ಇಂಥ ಸಾಲಿನಲ್ಲಿ ಇಂಥ ತಪ್ಪಾಗಿದೆ, ಹೀಗೆ ಓದಿಕೊಳ್ಳಿ, ಅವಳು ಮೊದಲು ಆ ಚೀಟಿಯನ್ನೇ ಓದುತ್ತಿದ್ದಳು, ಪುಸ್ತಕ ಮುದ್ರಿಸಿದವರೂ ತಪ್ಪುತ್ತಾರೆ, ತಪ್ಪಿ ಅಂಟು ಹಚ್ಚಿ ಹೇಳುತ್ತಾರೆ ಎನ್ನುವುದು ಎಂಥದೋ ಸಮಾಧಾನ ಕೊಡುತ್ತಿತ್ತು. ಪುಸ್ತಕದ ತಪ್ಪಿನಿಂದ ಯಾರ ಬಾವಿಯೂ ಹೋಗುವುದಿಲ್ಲ, ಅದು ಬೇರೆ ಮಾತು. ಗೇಟಿನ ಹೊರಗೆ, ಕಬ್ಬಿನ ಹಾಲಿನ ಗಾಡಿಯ ಪಕ್ಕ, ಅಜ್ಜಿ, ನಿಂದರ್ರಿ, ಅಂದಾಗ ಶಟ್ಟೆವ್ವ ತಿರುಗಿದಳು, ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಕಾಗದ ಉಬ್ಬಿಲ್ರಿ. ನಾ ಸಣ್ಣದು ಮಾಡೇನಿ. ನಿಮ್ಮದು ಹಳೇದ ಖರೇ ಐತಿ. ಇಷ್ಟು ಹೇಳಲು ಅವಳಿಗೆ ಮೂರು ಸಲ ಉಸಿರು ಬೇಕಾಯಿತು. ಮುದುಕಿ ಕೇಳಿದ್ದು ಬೇರೆಯೇ, ನೀ ಯಾ ಊರಾಕಿ ತಂಗಿ. ಮನೋಳಿ ರೀ. ಹೊಳಿ ದಂಡ್ಯಾಗಿನವರು, ಅದಕ್ಕ ಬಾಂವಿ ಬ್ಯಾನಿ ಗೊತ್ತಿಲ್ಲ ನಿಮಗ, ಅಂದಳು, ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ. ನಡಿ ಒಳಗ, ನಿಮ್ಮ ಸಾಹೇಬ ಏನಂತಾನ ನೋಡೂಣು.

ಸಾಹೇಬರು ಅಂದದ್ದು, ಯಾವುದು ಸಣ್ಣದಾಗೇತಿ. ಎಲ್ಲಾವೂ ರೀ ಸರ್. ಎಲ್ಲಾ ಅಂದ್ರ. ನೂರಾ ಹದಿನೆಂಟೂ. ಅಂದಾನೆಪ್ಪ ಸಾಹೇಬರು ಕುಳಿತರು, ನೀರಿನ ಬಾಟಲಿ ಎತ್ತಿದರು, ಮುಚ್ಚಳ ತೆಗೆಯದೆ ಬಾಯಿಗಿಟ್ಟರು, ಆಮೇಲೆ ತೆಗೆದು ಕುಡಿದರು. ನಿನಗ ತಿಳಿದೈತೇನವಾ ಇದು, ಎರಡು ತಿಂಗಳದಾಗ ನಿನ್ನ ಕಾಯಂ ಕಡತಕ್ಕ ನಾ ಸಹಿ ಹಾಕಬೇಕು. ತಿಳಿದೈತ್ರಿ. ಶಟ್ಟೆವ್ವ ಬೆಂಚಿನ ಮೇಲಿಂದ, ಸಾಹೇಬ್ರ, ಆಕಿ ಖರೇ ಹೇಳ್ಯಾಳ, ಮ್ಯಾಲ ಆಕೀನ್ನ ಬೈತೀರಿ, ತಪ್ಪನ್ನ ಕಾಗದದ ಮ್ಯಾಲ ಹಾಕಿ ಸುಮ್ಮನಿದ್ದಿದ್ರ ಚಾ ಕುಡಸ್ತಿದ್ರೇನು. ಸಾಹೇಬರಿಗೆ ನಗು ಬಂತು, ಬೇಡವಾದ ನಗು, ಮೂಗಿನೊಳಗಿಂದ. ಫೋನ್ ಎಳೆದುಕೊಂಡರು. ನಾಲ್ಕೂ ತಾಲೂಕಿಗೆ ಒಂದೊಂದಾಗಿ ಹಚ್ಚಿದರು, ಶನಿವಾರ ಕಳಿಸಿದ ನಕಾಶಿ ಒಂದೂ ಬಳಸಬ್ಯಾಡ್ರಿ, ವಾಪಸ್ ಕಳಸ್ರಿ, ಅಳತಿ ತಪ್ಪೈತಿ, ಹೌದು, ನಮ್ಮ ಕಚೇರಿಯಿಂದ ತಪ್ಪಾಗೇತಿ. ನಮ್ಮ ಕಚೇರಿಯಿಂದ— ಒಂದು ತಾಸಿನಲ್ಲಿ ಹನ್ನೊಂದು ಫೋನಿನಲ್ಲಿ ಹನ್ನೊಂದು ಸಲವೂ ಹಾಗೇ ಅಂದರು, ಶೀತಲ ಎಣಿಸಿದಳು, ಒಮ್ಮೆಯೂ ಅವಳ ಹೆಸರು ಬರಲಿಲ್ಲ, ಯಾರದು ತಪ್ಪು ಅಂತ ರಾಮದುರ್ಗದವರು ಒತ್ತಿ ಕೇಳಿದಾಗಲೂ, ನಂದ ಅಂತ ಬರಕೋರಿ, ಊಟಾ ಆತಿಲ್ಲೋ, ಅಂದರು. ಶಟ್ಟೆವ್ವನ ಊರಿಗೆ ಹೋಗಬೇಕಾದ ಸರ್ವೇದವನು ಬಸವಲಿಂಗ, ಅವನೊಬ್ಬನೇ ಒಪ್ಪಲಿಲ್ಲ, ಇಲ್ರಿ ಸರ್, ನೋಟಿಸ್ ಹೋಗ್ಯಾವು, ಪೊಲೀಸ್ ಬಂದೋಬಸ್ತ್ ಕೇಳೇವಿ, ನಾಳಿ ಒಂಬತ್ತಕ್ಕ ಆಗಾಕಬೇಕು, ಖರೇ ನಕಾಶಿ ಕೈಗೆ ಕೊಡ್ರಿ, ನೋಡಿ ಕಲ್ಲು ನೆಡತೇನಿ, ಇಲ್ಲಾಂದ್ರ ಇದ್ದದ್ದರ ಮ್ಯಾಲ ನೆಡತೇನಿ. ಫೋನ್ ಇಟ್ಟ ಮೇಲೆ ಸಾಹೇಬರು ಅವಳ ಕಡೆ ತಿರುಗಿದರು, ಮೆಮೊ ಕೊಡತೇನಿ ನೋಡವಾ, ಅದು ತಪ್ಪಂಗಿಲ್ಲ. ಕಾಯಂ ಆರು ತಿಂಗಳು ಮುಂದ ಹೋಗಬಹುದು, ವರ್ಷ ಆಗಬಹುದು. ನೀನಾಗೇ ಕರದು ಹೇಳಿದ್ದನ್ನೂ ಅದರಾಗ ಬರೀತೇನಿ, ಅದನ್ನ ಓದತಾರೋ ಬಿಡತಾರೋ ನಾ ಹೇಳಾಕ ಬರಂಗಿಲ್ಲ. ಅವಳು ಹೂಂ ಅಂದಳು. ಹೆದರಿಕೆ ಇತ್ತು, ಈಗಲೂ ಇದೆ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಏನೋ ಬಂದು ಕುಳಿತಿದೆ, ತುಂಬಿದ ಬಸ್ಸಿನಲ್ಲಿ ಯಾರೋ ಸರಿದು ಕೊಟ್ಟ ಜಾಗದಂಥದ್ದು.

ಸರಿ, ಕಾಗದ. ಇರುವುದೆಲ್ಲ ಮೂವತ್ತೈದರದು, ಅದರ ಮೇಲೆ ತೆಗೆದರೆ ಮತ್ತೆ ಅರ್ಧ ಕೆರೆ, ಶಟ್ಟೆವ್ವನ ಊರಿನ ನಕಾಶೆಗೆ ಕತ್ತರಿಸಿಹೋಗುವುದು ಆ ಗಡಿಕಲ್ಲಿನ ಅಂಚೇ, ಅದೇ ಇಲ್ಲದಿದ್ದರೆ ಅಳತೆ ಎಲ್ಲಿಂದ ಹಿಡಿಯುವುದು. ಪದ್ಮವ್ವ ಇಷ್ಟೊತ್ತೂ ಲೆಕ್ಕದ ಮೇಜಿನಿಂದ ಏಳಲಿಲ್ಲ, ಮಾರ್ಚ್ ತಿಂಗಳಲ್ಲಿ ಅವಳು ಭೂಕಂಪವಾದರೂ ಏಳುವುದಿಲ್ಲ ಅನ್ನುತ್ತಾರೆ, ಕಾಗದದ ಒಂದೊಂದು ಇಂಚಿಗೂ ಲೆಕ್ಕ ಇಡುವ ಹೆಂಗಸು, ಒಂದು ಹಾಳೆ ಹೆಚ್ಚಿಗೆ ಕೇಳಿದರೆ, ಯಾಕ, ಮನ್ಯಾಗ ಪುಸ್ತಕಕ್ಕ ರಟ್ಟು ಹಾಕಬೇಕೇನು, ಅನ್ನುತ್ತಾಳೆ, ಶೀತಲ ಅವಳನ್ನು ಮನಸ್ಸಿನಲ್ಲಿ ಎಷ್ಟೋ ಸಲ ಬೈದಿದ್ದಾಳೆ. ಆ ಪದ್ಮವ್ವ ಎರಡೂವರೆಗೆ ಎದ್ದು ದಾಸ್ತಾನಿನ ಕೋಣೆಗೆ ಹೋದಳು, ಬಂದಾಗ ಕಂಕುಳಲ್ಲಿ ಹಳೆಯ ರೋಲಿನ ತುಂಡು, ವರ್ತಮಾನಪತ್ರಿಕೆ ಸುತ್ತಿ, ದಾರ ಕಟ್ಟಿ, ಚೀಟಿ ಹಚ್ಚಿದ್ದು, ಮೂವತ್ತಾರು ಇಂಚು, ಉಳಿಕೆ, ಆಡಿಟ್‌ಗೆ ತೋರಿಸಲು. ಇಪ್ಪತ್ತು ಹಾಳಿ ಆಗತಾವು, ಅಂದಳು, ಮೊದಲು ಈ ಅಜ್ಜೀದು ತಗಿ. ಅಕ್ಕಾರ, ಆಡಿಟ್‌ನವ್ರು ಕೇಳಿದ್ರ. ಕೇಳಿದ್ರ ಹೇಳತೇನಿ, ಕೇಳಾಕ ಅವರಿಗೆ ಪಗಾರ ಕೊಡತಾರು, ಹೇಳಾಕ ನನಗ ಕೊಡತಾರು. ಆಮೇಲೆ ಕೆಟ್ಟ ಹಾಳೆಗಳ ರಿಜಿಸ್ಟರು ತಂದು ಶೀತಲಳ ಮುಂದೆ ತೆರೆದಳು. ಕಾರಣ ಎನ್ನುವ ಮನೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಮಾತು, ಯಂತ್ರದೋಷ, ಯಂತ್ರದೋಷ, ಯಂತ್ರದೋಷ, ಹಿಂದಿನ ಪುಟದಲ್ಲೂ ಅದೇ, ಅದರ ಹಿಂದಿನದರಲ್ಲೂ. ಈ ರಿಜಿಸ್ಟರಿನ್ಯಾಗ ಇಪ್ಪತ್ತು ವರ್ಷದಿಂದ ಒಬ್ಬ ಮನಷ್ಯಾ ಇಲ್ಲ ನೋಡ, ಅಂದಳು ಪದ್ಮವ್ವ, ಇದ್ದದ್ದು ಬರಿ. ಶೀತಲ ಬರೆದಳು, ಒಂದು ನೂರಾ ಹದಿನೆಂಟು ಹಾಳೆ, ಅಳತೆ ಪರೀಕ್ಷಿಸದೆ ಕುಗ್ಗಿಸಿ ಮುದ್ರಿಸಿದ್ದು, ಸಹಿ, ಹೆಸರು, ತಾರೀಖು. ಪದ್ಮವ್ವ ಪೆನ್ನು ತಿರುಗಿ ಇಸಿದುಕೊಂಡು ಅದರ ಕೆಳಗೆ ತಾನೂ ಒಂದು ಸಾಲು ಬರೆದಳು, ರೋಲಿನ ಅಗಲ ಅಳೆಯದೆ ದಾಸ್ತಾನಿಗೆ ತೆಗೆದುಕೊಂಡದ್ದು, ಅಂತ ಬರೆದು ಸಹಿ ಹಾಕಿದಳು, ಮಸಿ ಆರಲಿ ಅಂತ ಊದಿದಳು. ನಜೀರಸಾಬ ಇಣುಕಿ ನೋಡಿ, ಪಟ್ಟಿ ಕೀಲಿ ಹಾಕಿ ರಜಾ ಮ್ಯಾಲ ಹ್ವಾದಂವ ನಾನದೇನಿ, ನನಗೂ ಒಂದು ಸಾಲು ಕೊಡ್ರಿ ಬಾಯೋರ. ನಿನ್ನ ಸಹಿಗೆ ಈ ರಿಜಿಸ್ಟರಿನ್ಯಾಗ ಜಾಗಾ ಇಲ್ಲ ಸಾಬ, ಹೋಗಿ ಮಶಿನ್ ಹಚ್ಚು, ಅಂದಳು ಪದ್ಮವ್ವ. ಅವನು ಹೋಗಿ ಹಚ್ಚಿದ.

ಮೂರೂ ಇಪ್ಪತ್ತು. ಹಳೆಯ ಕಾಗದ, ಸುರುಳಿಯ ನೆನಪು ಬಿಡುವುದಿಲ್ಲ, ಎರಡು ಸಲ ಒಳಗೆ ಹೋಗಿ ಎರಡು ಸಲವೂ ಸಿಕ್ಕಿಕೊಂಡಿತು, ನಜೀರಸಾಬ ಮಂಡಿಯೂರಿ ಅದನ್ನು ಎರಡೂ ಅಂಗೈಯಿಂದ ಚಪ್ಪಟೆ ಮಾಡಿ ಹಿಡಿದಿದ್ದಾನೆ, ಹಚ್ಚ್ರಿ. ಶೀತಲ ಕಂಪ್ಯೂಟರಿನಲ್ಲಿ ಆ ಚೌಕವನ್ನು ನೋಡಿದಳು, ಖಾಲಿ ಇದೆ, ಇನ್ನೊಮ್ಮೆ ನೋಡಿದಳು, ಖಾಲಿ ಇದೆ, ನೂರಕ್ಕೆ ನೂರು. ಒತ್ತಿದಳು. ಯಂತ್ರ ಮೊದಲು ಏನೂ ಮಾಡಲಿಲ್ಲ, ಆಮೇಲೆ ಗಂಟಲು ಸರಿಮಾಡಿಕೊಂಡಿತು, ಕರೆಂಟು ಒಮ್ಮೆ ಮಿಣುಕಿತು, ಹೋಗಬೇಡ, ಹೋಗಬೇಡ, ಹೋದರೆ ಮತ್ತೆ ಬಿಸಿಯಾಗಲು ಇಪ್ಪತ್ತು ನಿಮಿಷ, ಹೋಗಲಿಲ್ಲ, ಮಸಿಯ ತಲೆ ಎಡಕ್ಕೆ ಬಲಕ್ಕೆ ಓಡಾಡಲು ಶುರುಮಾಡಿತು, ಒಂದೊಂದು ಓಟಕ್ಕೆ ಒಂದೊಂದು ಬೆರಳಿನಷ್ಟು ಊರು, ಉತ್ತರದ ಬಾಣ, ಹಳ್ಳದ ತಿರುವು, ಸರ್ವೆ ನಂಬರು, ಇಷ್ಟು ದಿನ ಇವೆಲ್ಲ ಬರೀ ಗೆರೆಯಾಗಿದ್ದವು, ದಿನಕ್ಕೆ ನಲವತ್ತು ಹಾಳೆ ಗೆರೆ, ಈಗ ಒಂದೊಂದು ಗೆರೆಯ ಮೇಲೂ ಯಾರೋ ಚಪ್ಪಲಿ ಬಿಟ್ಟು ಕುಳಿತ ಹಾಗೆ ಕಾಣುತ್ತದೆ. ಬೆಂಚಿನಿಂದ ಶಟ್ಟೆವ್ವ ಪದ್ಮವ್ವನಿಗೆ ಹೇಳುತ್ತಿದ್ದಾಳೆ, ಬಾಜೂಕಿನ ಹೊಲದಂವ ಗಂಗಯ್ಯ, ಒಳ್ಳೇಂವನ ಅದಾನ, ಕೊಡಾ ನೀರು ಕೇಳಿದ್ರ ಎರಡು ಕೊಡಾ ಕೊಡಾವ, ಆದ್ರ ಕಲ್ಲು ನೆಟ್ಟ ಮ್ಯಾಲ ಯಾರೂ ಒಳ್ಳೇವ್ರು ಉಳಿಯಂಗಿಲ್ಲವಾ, ಕಲ್ಲು ಹೇಳಿದ್ದ ಮಾತು ಆಗತೈತಿ. ಹೌದು ಬಿಡ್ರಿ, ಅಂದಳು ಪದ್ಮವ್ವ, ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ಅವಳ ಕೈಯಲ್ಲಿಟ್ಟಳು, ತಿನ್ರಿ, ಮಾರ್ಚಿನ್ಯಾಗ ನಾ ಇದನ್ನ ಮನಿಗೇ ಒಯ್ತೇನಿ. ಅದರ ಮೇಲೆ ಒಂದು ಚಿಟಿಕೆ ಶೇಂಗಾ ಚಟ್ನಿ. ಹಾಳೆಯ ಕೊನೆ ಬಂತು, ಕತ್ತರಿ ಸರ್ರನೆ ಎಳೆಯಿತು.

ನಜೀರಸಾಬ ಪಟ್ಟಿಯನ್ನು ಇಟ್ಟ. ಐದು. ಸರಿಯಾಗಿ ಐದು, ಹೆಬ್ಬೆರಳು ಬೇಕಾಗಲಿಲ್ಲ. ಆದರೆ ಶಟ್ಟೆವ್ವ ಹಿತ್ತಾಳೆಯನ್ನು ನಂಬುವವಳಲ್ಲ, ರೊಟ್ಟಿಯ ಕೈ ಸೆರಗಿಗೆ ಒರಸಿಕೊಂಡು ಎದ್ದಳು, ನೀಲಿ ಹಾಳೆ ತೆಗೆದಳು, ಕಿಟಕಿಗೆ ನಡೆದಳು, ಹಿಡಕೋ ತಂಗಿ, ನಿನ್ನ ಕೈ ಎತ್ತರದಾವು. ಶೀತಲ ಎರಡನ್ನೂ ಗಾಜಿಗೆ ಒತ್ತಿದಳು, ಕಲ್ಲಿನ ಮೇಲೆ ಕಲ್ಲು. ಬಿಸಿಲು ಈಗ ಪಡುವಣದ್ದು, ಬೆಳಗಿನದಕ್ಕಿಂತ ಹಳದಿ. ಅವಳಿಗೆ ನೋಡಲು ಧೈರ್ಯ ಬರಲಿಲ್ಲ, ಹಾಳೆ ಹಿಡಿದು ಮುಖವನ್ನು ಬಾಗಿಲ ಕಡೆ ತಿರುಗಿಸಿದಳು, ಹಿಂದೆ ಮುದುಕಿಯ ಉಸಿರು, ಶೇಂಗಾದ ವಾಸನೆ, ಬೆರಳೊಂದು ಕಾಗದದ ಮೇಲೆ ಸರಸರನೆ ಸರಿದು ಬಂದು ಒಂದು ಕಡೆ ನಿಂತದ್ದು ಕೇಳಿಸಿತು, ನಿಂತೇ ಇತ್ತು. ಒಂದ ಐತಿ, ಅಂದಳು ಶಟ್ಟೆವ್ವ. ಆಮೇಲೆ, ಬಂದೈತಿ ಮನಿಗೆ, ಅಂದಳು, ಸಂಜೆಗೆ ಬಂದ ದನದ ಬಗ್ಗೆ ಹೇಳುವ ಹಾಗೆ. ಶೀತಲ ತಿರುಗಿ ನೋಡಿದಳು. ಹೌದು, ಒಂದೇ ಉಂಗುರ, ಗೆರೆ ಸ್ವಲ್ಪ ದಪ್ಪ, ಎರಡು ಕಾಗದದ ಮಸಿ ಒಂದರ ಮೇಲೊಂದು ಕುಳಿತದ್ದಕ್ಕೆ. ಅಂದಾನೆಪ್ಪ ಸಾಹೇಬರು ಮೊಹರು ಹಾಕಿದರು, ಈ ಸಲ ಹಾಳೆಯನ್ನು ಪೂರ್ತಿ ನೋಡಿ, ಎರಡು ಸಲ ನೋಡಿ. ನಜೀರಸಾಬ ಅದನ್ನು ಕೊಳವೆಯಾಕಾರ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಮುದುಕಿಯನ್ನು ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡ, ಗಟ್ಟಿ ಹಿಡೀರಿ ಅಜ್ಜಿ. ಯಾವುದನ್ನ ಹಿಡೀಲೋ, ನಕಾಶೀನ ಹಿಡೀಲೋ ನಿನ್ನ ಹಿಡೀಲೋ. ನಕಾಶೀನ ಹಿಡೀರಿ, ನಾ ಬಿದ್ರ ಸರಕಾರ ಇನ್ನೊಬ್ಬನ್ನ ಕೊಡತೈತಿ. ಗೇಟಿನ ಬಳಿ ಶಟ್ಟೆವ್ವ ತಿರುಗಿ ನೋಡಲಿಲ್ಲ, ಕೈ ಬೀಸಲಿಲ್ಲ, ಎರಡೂ ಕೈ ನಕಾಶೆಯ ಮೇಲಿದ್ದವು. ಅದೇ ಸರಿ ಅನ್ನಿಸಿತು ಶೀತಲಳಿಗೆ. ಉಪಕಾರ ಆತು ಅಂತ ಮುದುಕಿ ಅನ್ನಲಿಲ್ಲ, ಅನ್ನಬೇಕಾದವಳು ಅವಳಲ್ಲ. ಅನ್ನಬೇಕಾದವಳು ಶೀತಲ, ಯಾರೂ ಸಾಲಿನಲ್ಲಿ ನಿಲ್ಲಿಸದೆ ಆ ಮಾತು ಅವಳ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಸ್ಕೂಟರು ಹೋಗಿಬಿಟ್ಟಿತ್ತು.

ಇನ್ನು ಹತ್ತೊಂಬತ್ತು ಹಾಳೆಯ ಕಾಗದ ಇದೆ. ನೂರಹದಿನೇಳು ಊರು. ಮೂವತ್ತಾರರ ಹೊಸ ರೋಲಿಗೆ ಪದ್ಮವ್ವ ಬೇಡಿಕೆ ಬರೆಯುತ್ತಿದ್ದಾಳೆ, ತುರ್ತು ಎನ್ನುವ ಶಬ್ದಕ್ಕೆ ಎರಡು ಸಲ ಗೆರೆ ಎಳೆಯುತ್ತಿದ್ದಾಳೆ, ಸಾಹೇಬರು ಮೆಮೊ ಬರೆಯುತ್ತಿದ್ದಾರೆ, ಬರೆದು ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದಾರೆ, ಆ ಪೆನ್ನಿನ ಸದ್ದೂ ಇವತ್ತು ಕೆಟ್ಟದ್ದು ಅನ್ನಿಸುತ್ತಿಲ್ಲ, ಬರೆಯಲಿ, ಇದ್ದದ್ದು ಬರೆಯಲಿ, ಕಾಯಂ ಮುಂದೆ ಹೋದರೆ ಹೋಗಲಿ, ಇವರ ನಡುವೆ ಇನ್ನೊಂದು ವರ್ಷ ಕಲಿಯುವುದಿದೆ ಅಂದುಕೊಂಡರಾಯಿತು, ಅವ್ವನಿಗೆ ಫೋನಿನಲ್ಲಿ ಹೇಗೆ ಹೇಳುವುದು, ಹೇಳಿದರೆ ಅವ್ವ ಬಾವಿ ಉಳೀತಿಲ್ಲೋ ಅನ್ನುತ್ತಾಳೆ, ಮೊದಲು ಅದನ್ನೇ ಕೇಳುತ್ತಾಳೆ. ಎರಡನೇ ಹಾಳೆ ಹೊರಬಂತು, ರಾಮದುರ್ಗದ ಆಚೆಯ ಒಂದು ಊರು, ಹೆಸರನ್ನು ಈ ಮೊದಲು ಬಾಯಲ್ಲಿ ಅಂದದ್ದೂ ಇಲ್ಲ, ನಜೀರಸಾಬ ಮರೆಯದೆ ಮೇಜಿನ ಮೇಲೆ ಬಿಟ್ಟುಹೋದ ಪಟ್ಟಿಯನ್ನಿಟ್ಟು ನೋಡಿದಳು, ಐದು. ಸರಿಯಿದೆ. ಸರಿಯಿದ್ದರೂ ಎತ್ತಿಕೊಂಡು ಕಿಟಕಿಗೆ ಹೋದಳು, ಗಾಜಿಗೆ ಒತ್ತಿ ಹಿಡಿದಳು. ಇದರ ಹಿಂದೆ ಇಡಲು ನೀಲಿ ಹಾಳೆ ಇಲ್ಲ, ಆ ಊರಿನಿಂದ ಯಾರೂ ಎರಡು ಬಸ್ಸು ಬದಲಿಸಿ ಬಂದಿಲ್ಲ, ಬರಬೇಕೆಂದು ಅವರಿಗೆ ಗೊತ್ತೂ ಇಲ್ಲ. ಮೂಲೆಯಲ್ಲಿ ಒಂದು ಹೊಲ, ಹೊಲದಲ್ಲಿ ಸಣ್ಣ ಉಂಗುರ, ಒಂದೇ ಒಂದು, ಬಿಸಿಲು ಅದರ ನಡುವೆ ಬಂದು ನಿಂತಿದೆ, ಅವಳ ಕಣ್ಣು ಪಕ್ಕಕ್ಕೆ ಸರಿದು ಬೇಡವೆಂದರೂ ಅಲ್ಲಿಲ್ಲದ ಇನ್ನೊಂದು ಉಂಗುರವನ್ನು ಬರೆಯುತ್ತದೆ— ಎರಡು ಬಾವಿ, ನಡುವೆ ಒಂದು ಜೋಳದ ಕಾಳು, ಎರಡು ಬಾವಿ, ನಡುವೆ ಒಂದು ಜೋಳದ ಕಾಳು.